ದೇವರ ರಾಶಿ ಬಿಚ್ಚಿದ್ದು ಯಾರು

ಹೊಗೆಸೊಪ್ಪಿನ ರಾಶಿಯೊಳಗೆ ಮೊಣಕೈವರೆಗೂ ಕೈ ತೂರಿಸಿದ ಫೌಸ್ತೀನೊ ಹಾಗೇ ನಿಂತುಬಿಟ್ಟ.

ಹದಕ್ಕೆ ಬರುತ್ತಿರುವ ಸೊಪ್ಪು ಒಳಗೊಳಗೇ ಕಾಯುತ್ತದೆ. ಮೇಲಿನ ಗೋಣಿ ಸರಿಸಿ ಕೈ ಇಟ್ಟರೆ, ಆಗತಾನೇ ಒಲೆಯಿಂದ ಇಳಿಸಿದ ಹಾಲಿನ ಪಾತ್ರೆ ಮುಟ್ಟಿದ ಹಾಗಿರಬೇಕು. ಇವತ್ತು ಒಂದು ಕಡೆ ಮಾತ್ರ ಆ ಬಿಸಿ ಇರಲಿಲ್ಲ. ಅವನು ಎರಡೂ ಕೈಯಿಂದ ಎಲೆಗಳನ್ನು ಎಳೆದು ಹಾಕಿದ. ಮೊದಲು ಒಂದು ಪಾದ ಕಂಡಿತು. ಹಿಮ್ಮಡಿಯಲ್ಲಿ ಹಳೆಯ ಬಿರುಕು. ಕಳೆದ ವಾರ ಆ ಬಿರುಕಿಗೆ ಹರಳೆಣ್ಣೆ ಕಾಯಿಸಿಕೊಟ್ಟವನು ಫೌಸ್ತೀನೊನೇ. ಮುಖ ನೋಡುವ ಅಗತ್ಯವಿರಲಿಲ್ಲ.

“ಪಿಚ್ಚೈ!”

ಬಾಗಿಲಲ್ಲಿ ಮೇಸ್ತ್ರಿ ಮಾರಿಮುತ್ತು ಕಾಣಿಸಿಕೊಂಡ. ರಾಶಿ ನೋಡಿದ. ಕಾಲು ನೋಡಿದ. ಎಲೆ ಮೆತ್ತಿದ ಆ ಎರಡು ಕೈಗಳನ್ನು ನೋಡಿದ.

“ಅಯ್ಯೋ, ಮಣಿಲಾ ವಾತ್ತಿಯಾರು ಕೊಂದುಬುಟ್ರು!” ಎಂದು ಕೂಗುತ್ತ ಓಡಿದ.

೧೮೯೭ರ ಪಂಗುಣಿ, ತಮಿಳು ವರ್ಷದ ಕೊನೆಯ ತಿಂಗಳು. ಕಂಬಂ ಕಣಿವೆಯ ಓಡೈಪಟ್ಟಿ. ಕನ್ನಡ ಮನೆಮಾತಿನ ನಾಗಮ್ಮಾಳ್ ಎಂಬ ಮುದುಕಿಯ ಸೊಪ್ಪಿನ ಕೊಟ್ಟಿಗೆ. ಸುರುಟ್ಟು ಎಂಬ ದಪ್ಪ ಚುಟ್ಟಾ ಮಾಡುವ ದಿಂಡುಗಲ್ಲಿನ ಒಂದು ಕಾರ್ಖಾನೆಗೆ ಅವಳ ಮನೆಯಿಂದಲೇ ಎಲೆ ಹೋಗುತ್ತಿತ್ತು. ಎಲೆ ಹದ ಮಾಡುವ ಹೊಸ ರೀತಿ ಕಲಿಸಲೆಂದು ಕಾರ್ಖಾನೆಯವರೇ ಮಣಿಲಾದಿಂದ ಫೌಸ್ತೀನೊನನ್ನು ಕರೆಸಿ ಕಳಿಸಿದ್ದರು. ಅವನ ಭಾಷೆ ಸ್ಪ್ಯಾನಿಷ್. ತಮಿಳು ನಾಲ್ಕು ಮಾತು. ಕನ್ನಡ ಎರಡು. ಆಳುಗಳಿಗೆ ಅವನು ವಾತ್ತಿಯಾರು, ಅಂದರೆ ಮೇಷ್ಟ್ರು; ಊರಿನ ಮಕ್ಕಳಿಗೆ ಕಡಲೆಕಾಯಿ ದೊರೆ. ಆ ಕಾಯಿಯೂ ಮಣಿಲಾದಿಂದಲೇ ಬಂತಂತೆ.

ಸತ್ತವನು ಕೊಟ್ಟಿಗೆಯ ಕಾವಲುಗಾರ.

* * *

ಉತ್ತಮಪಾಳ್ಯದಿಂದ ಇನ್ಸ್‌ಪೆಕ್ಟರ್ ಅಳಗಿರಿ ಜಟಕಾದಲ್ಲಿ ಬಂದಿಳಿದಾಗ ಬಿಸಿಲು ಏರಿತ್ತು. ಮಲ್ಲಿಗೆ ಬೆಳೆಯುವ ನಿಲಕ್ಕೋಟ್ಟೈನವನು, ಕನ್ನಡದ ಮನೆಯವನು. ಜೊತೆಗೆ ಇಬ್ಬರು ಕಾನ್‌ಸ್ಟೇಬಲ್‌ಗಳು.

ಕೊಟ್ಟಿಗೆಯಲ್ಲಿ ನಾಲ್ಕು ರಾಶಿಗಳಿದ್ದವು. ಮೂರು ಸಾಲಾಗಿ. ನಾಲ್ಕನೆಯದು ಈಶಾನ್ಯದ ಮೂಲೆಯಲ್ಲಿ, ಒಂಟಿಯಾಗಿ. ಅದರ ತಲೆಯ ಮೇಲೆ ಒಣಗಿದ ಬೇವಿನ ಕೊನೆ, ಅರಿಶಿನದ ಬಟ್ಟೆ. ಹೆಣ ಸಿಕ್ಕಿದ್ದು ಅದರಲ್ಲಿ.

ಅಳಗಿರಿ ಮಂಡಿಯೂರಿ ಕುಳಿತ. ಹಿಂದಲೆಗೆ ಪೆಟ್ಟು. ರಾಶಿಯ ಪಕ್ಕದ ಕಲ್ಲುಕಂಬದ ಬುಡದಲ್ಲಿ ರಕ್ತದ ಕಲೆ. ಬಲಗೈ ಮುಷ್ಟಿ ಬಿಗಿದಿತ್ತು. ಬಿಡಿಸಿದ. ಗೋಣಿಯ ಒಂದು ಚೂರು. ಅದಕ್ಕೆ ಹಸಿರು ಅಂಟು. ಮೂಗಿನ ಹತ್ತಿರ ಹಿಡಿದ. ಹೊಗೆಸೊಪ್ಪಿನ ವಾಸನೆಯಲ್ಲ. ತೇವಾರಂ ಬೆಟ್ಟದ ಕೇಸುಗಳಲ್ಲಿ ಕಂಡು ಪರಿಚಯವಾದ ವಾಸನೆ.

“ಗಾಂಜಾ,” ಎಂದ ಮೆಲ್ಲಗೆ.

ಇನ್ನೊಂದು ಸಂಗತಿ ಅವನನ್ನು ತಡೆದು ನಿಲ್ಲಿಸಿತು. ಸತ್ತವನ ರುಮಾಲನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ತಲೆಯ ಕೆಳಗೆ ಇಟ್ಟಿದ್ದರು.

“ಕೊಂದವನು ತಲೆದಿಂಬು ಇಟ್ಟಿದ್ದಾನೆ,” ಎಂದ.

“ಅದೆಲ್ಲಾ ನಾಟಕ, ಅಯ್ಯಾ,” ಎಂದ ಮಾರಿಮುತ್ತು. ಈ ಕೊಟ್ಟಿಗೆಯಲ್ಲಿ ಮೊದಲು ಅವನ ಮಾತೇ ಮಾತು. ಮಣಿಲಾದವನು ಬಂದಮೇಲೆ ಆಳುಗಳನ್ನು ಕರೆಯುವುದಷ್ಟೇ ಕೆಲಸ. “ಇದು ದೇವರ ರಾಶಿ. ಮೊದಲ ಕೊಯ್ಲಿನ ಸೊಪ್ಪು. ಮುಂದಿನ ತಿಂಗಳು ಚಿತ್ತಿರೈ ಹುಟ್ಟೋವರೆಗೂ ಇದಕ್ಕೆ ಕೈ ಹಾಕೋ ಹಂಗಿಲ್ಲ. ಆಮೇಲೆ ಮಾರಿ, ಬಂದದ್ದು ಕಂಬಂ ತಂಬಿರಾನ್ ದನಗಳ ಮೇವಿಗೆ. ದೇವರ ದನ ಅಯ್ಯಾ ಅವು. ಈ ರಾಶಿಗೆ ಹೆಣ ಹಾಕೋ ಧೈರ್ಯ ನಮ್ಮ ಜನದಲ್ಲಿ ಯಾರಿಗೈತೆ?”

“ಇವತ್ತು ಬಿಚ್ಚಿದ್ದು?”

“ಆ ವಾತ್ತಿಯಾರೇ. ಹೆಣ ಬೇರೆ ಕಡೆ ಸಾಗಿಸೋಕೆ ಬಂದಿದ್ದ. ನಾ ಬಂದೆ. ಸಿಕ್ಕಿಬಿದ್ದ.”

“ಪಿಚ್ಚೈಗೂ ಅವನಿಗೂ ಜಗಳ ಇತ್ತಾ?”

“ಮೊನ್ನೆ ಕೂಗಾಡಿದ. ಸೊಪ್ಪಿಗೆ ನೀರು ಜಾಸ್ತಿ ಚಿಮುಕಿಸಿದ ಅಂತ.”

“ನಿನ್ನ ಮೇಲೆ ಕೂಗಾಡಲ್ವಾ?”

“ನನ್ನ ಮೇಲೆ ದಿನಾ ಕೂಗಾಡ್ತಾನೆ.”

ಅಳಗಿರಿಯ ಕಣ್ಣು ಸುಣ್ಣದ ಗೋಡೆಯ ಮೇಲೆ ಬಿತ್ತು. ಇದ್ದಲಿನಲ್ಲಿ ಬರೆದ ಸಾಲುಗಳು. ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಲ್ಲ.

“ಇದೇನು?”

“ಮಂತ್ರ ಅಯ್ಯಾ! ದಿನಾ ಹೊತ್ತು ಇಳಿಯೋವಾಗ ಅವನೂ ನಮ್ಮ ಅವ್ವಾರ ಮೊಮ್ಮಗಳೂ ಕೂತು ಜಪ ಮಾಡ್ತಾರೆ. ಆಬ, ಆಬಸ್, ಆಬ... ಈಯ, ಈಯಸ್, ಈಯ... ಕೇಳೋಕೆ ಆಗಲ್ಲ.”

“ನೀನು ಕೇಳ್ತೀಯಲ್ಲ. ಬಾಯಿಪಾಠ ಮಾಡ್ಬುಟ್ಟಿದ್ದೀಯ.”

* * *

ನಾಗಮ್ಮಾಳ್ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮೊದಲು ಕಾನ್‌ಸ್ಟೇಬಲ್‌ಗಳಿಗೆ ಮಜ್ಜಿಗೆ ಕೊಡಿಸಿದಳು. ಆಮೇಲೆ ಇನ್ಸ್‌ಪೆಕ್ಟರನ ಕಡೆ ತಿರುಗಿದಳು.

“ನಿಲಕ್ಕೋಟ್ಟೈನವನಾ? ಅದಕ್ಕೇ ಮಾತಿನಲ್ಲಿ ಮಲ್ಲಿಗೆ ವಾಸನೆ. ಕೇಳಪ್ಪಾ.”

“ನಿನ್ನೆ ಸಾಯಂಕಾಲ ಕೊಟ್ಟಿಗೆಯಲ್ಲಿ ಯಾರಿದ್ದರು, ಅವ್ವಾ?”

“ಪಿಚ್ಚೈ ಒಬ್ಬನೇ. ದೇವರ ದನ ಬೆಟ್ಟದಿಂದ ಇಳಿದು ಕಂಬಂಗೆ ಹೋದೋ. ಊರೆಲ್ಲಾ ರಸ್ತೆಗೆ ಬಂದಿತ್ತು. ನಾನೂ, ಮಾರಿಮುತ್ತುನೂ, ಪೊನ್ನುತಾಯಿನೂ, ನನ್ನ ಮೊಮ್ಮಗಳೂ.”

“ಮಣಿಲಾದವನು?”

“ಕಾಲುವೇಲಿ ಬಟ್ಟೆ ಒಗೀತಿದ್ದೆ ಅಂತಾನೆ. ಯಾರೂ ನೋಡಿಲ್ಲ.”

“ದೇವರ ರಾಶಿ?”

“ದೇವರ ರಾಶೀನ ನಾವು ಮುಟ್ಟೋದಿಲ್ಲಪ್ಪಾ.”

ಪೊನ್ನುತಾಯಿ ಸತ್ತವನ ಹೆಂಡತಿ. ಕೊಟ್ಟಿಗೆಯಲ್ಲೇ ಸೊಪ್ಪು ತಿರುವುವ ಕೆಲಸ. ಹಿತ್ತಲ ಬಾವಿಕಟ್ಟೆಗೆ ಒರಗಿ ಕೂತಿದ್ದಳು. ಅವಳ ಬೆನ್ನಿಗೆ ಬಿಸಿಲು ತಾಕದಂತೆ ಯಾರೋ ಚಾಪೆ ನಿಲ್ಲಿಸಿದ್ದರು.

“ಯಾರ ಮೇಲೆ ಸಂದೇಹ, ತಾಯೀ?”

“ಯಾರ ಮೇಲೂ ಇಲ್ಲ ಸಾಮಿ. ಅವ ಯಾರಿಗೂ ಕೆಟ್ಟದ್ದು ಮಾಡಿಲ್ಲ.”

“ದೇವರ ರಾಶಿಯ ಕೆಲಸ ನೀನೇನಾದ್ರೂ...”

“ದೇವರ ರಾಶೀನ ನಾವು ಮುಟ್ಟೋದಿಲ್ಲ.”

ಅಳಗಿರಿ ಹೊರಗೆ ಬಂದು ಆಳುಗಳನ್ನು ಕೇಳಿದ. ಅದೇ ಮಾತು. ಅದೇ ಪದ. ಅದೇ ರಾಗ. ನಿಜ ಹೇಳುವವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಇದು ಒಟ್ಟಿಗೆ ಕೂತು ಕಲಿತ ಪಾಠ.

ಅವನು ಮತ್ತೆ ಆ ರಾಶಿಯ ಹತ್ತಿರ ಹೋಗಿ ಬುಡದಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ಮೇಲಿನಿಂದ ಒಂದು ಹಿಡಿ ಎಲೆ ತೆಗೆದ. ಮೂರೂ ಒಂದೇ ಬಣ್ಣ. ಅಷ್ಟೇ ಮೃದು. ಅವನು ಹೂವಿನ ಊರಿನವನು, ಸೊಪ್ಪು ತಿಳಿಯದು. ಆದರೂ ಮುಟ್ಟದೆ ಬಿಟ್ಟ ರಾಶಿ ಬುಡದಲ್ಲಿ ಕೊಳೆಯಬೇಕು ಎಂಬಷ್ಟು ತಿಳಿಯುತ್ತದೆ.

ಎಲೆಗಳನ್ನು ಜೇಬಿಗೆ ಹಾಕಿಕೊಂಡ.

* * *

ಫೌಸ್ತೀನೊನನ್ನು ಅವನ ಕೋಣೆಯಲ್ಲೇ ಕೂರಿಸಿದ್ದರು. ಕೈಗೆ ಬೇಡಿ. ನಲವತ್ತರ ಆಸುಪಾಸಿನ ಮನುಷ್ಯ, ಸಣ್ಣ ಮೈ, ಅತ್ತು ಕೆಂಪಾದ ಕಣ್ಣು. ದುಭಾಷಿ ಬೇಕಿತ್ತು. ಆ ಕಣಿವೆಯಲ್ಲಿ ಸ್ಪ್ಯಾನಿಷ್ ಬಲ್ಲವಳು ಒಬ್ಬಳೇ. ನಾಗಮ್ಮಾಳ್‌ಳ ಮೊಮ್ಮಗಳು ಜೆಯಲಕ್ಷ್ಮಿ.

ತಂದೆ ಇಲ್ಲ. ಗಂಡನ ಮುಖ ನೆನಪಿಡುವ ವಯಸ್ಸಿಗೆ ಮುಂಚೆಯೇ ವಿಧವೆ. ದಿಂಡುಗಲ್ಲಿನಲ್ಲಿ ಸೊಪ್ಪಿನ ಮಾರಾಟ ನೋಡಿಕೊಳ್ಳುವ ಚಿಕ್ಕಪ್ಪ ರಾಮರ್ ಅವಳನ್ನು ಕರೆದುಕೊಂಡು ಹೋಗಿ ಮಿಷನ್ ಶಾಲೆಗೆ ಹಾಕಿದ್ದ. ಮಣಿಲಾದಿಂದ ಬೀಜ ತರಿಸಲು ಭಾಷೆ ಬಲ್ಲವರು ಬೇಕು, ನೀನೇ ಕಲಿ ಎಂದು ಈ ಪಾಠಕ್ಕೆ ಹಚ್ಚಿದವನೂ ಅವನೇ.

“ಅವನನ್ನು ಕೇಳು. ರಾಶಿ ಯಾಕೆ ಬಿಚ್ಚಿದೆ?”

ಅವಳು ಕೇಳಿದಳು. ಫೌಸ್ತೀನೊ ಉದ್ದಕ್ಕೆ ಮಾತಾಡಿದ. ತಡೆದು ತಡೆದು, ಕೈ ಸನ್ನೆ ಮಾಡಿ. ಒಮ್ಮೆ ಬೇಡಿಯ ಕೈಗಳನ್ನು ಜೋಡಿಸಿ ಜಗುಲಿಯ ಕಡೆ ಮುಗಿದ.

“ರಾಶಿ ಕಾದಿದೆಯಾ ನೋಡೋಕೆ ಕೈ ಹಾಕ್ದೆ ಅಂತಾರೆ,” ಎಂದಳು ಜೆಯಲಕ್ಷ್ಮಿ.

“ಅಷ್ಟೇನಾ?”

“ಅಷ್ಟೇ.”

“ಗಾಂಜಾ ಸೇದ್ತಾನಾ ಕೇಳು.”

ಆ ಪದ ಫೌಸ್ತೀನೊಗೆ ತಿಳಿಯಲಿಲ್ಲ. ಗೋಣಿಚೂರು ಮೂಸಿ, ಗೊತ್ತಿಲ್ಲವೆಂದು ತಲೆಯಾಡಿಸಿದ. ಆಮೇಲೆ ತನ್ನ ಜೇಬಿನಿಂದ ಒಂದು ಸುರುಟ್ಟು ಕಷ್ಟಪಟ್ಟು ತೆಗೆದು ಅಳಗಿರಿಯ ಕಡೆ ಚಾಚಿದ. ಬೇಡಿ ಹಾಕಿಸಿಕೊಂಡವನು ಬೇಡಿ ಹಾಕಿದವನಿಗೆ ಕೊಟ್ಟ ಉಪಚಾರ. ಅಳಗಿರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತೆಗೆದುಕೊಂಡ.

“ಇವನನ್ನು ಇವತ್ತೇ ದಿಂಡುಗಲ್ಲಿಗೆ ಕಳಿಸ್ತೀನಿ,” ಎಂದ. “ಮ್ಯಾಜಿಸ್ಟ್ರೇಟ್ ಮುಂದೆ ಈ ಭಾಷೆ ಯಾರಿಗೂ ಬರಲ್ಲ. ಹೆಣದ ಪಕ್ಕ ಸಿಕ್ಕವನು. ಗಲ್ಲಿಗೆ ಬೇರೆ ಸಾಕ್ಷಿ ಬೇಡ. ನಿನಗೇನಾದ್ರೂ ಹೇಳೋದು ಇದೆಯಾ, ತಾಯೀ?”

ಅವಳು ಜಗುಲಿಯ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಹೊರಗೆ ಹೋದಳು.

* * *

ಮಧ್ಯಾಹ್ನದ ಹೊತ್ತಿಗೆ ಗೂಡುಗಾಡಿಯೊಂದು ಅಂಗಳಕ್ಕೆ ಬಂತು. ಇಳಿದವನು ನಾಗಮ್ಮಾಳ್‌ಳ ಮಗ ರಾಮರ್. ಬಿಳಿ ಅಂಗಿ, ಜರಿ ಅಂಚಿನ ರುಮಾಲು. ತಿಂಗಳಿಗೊಮ್ಮೆ ಮಾಲು ನೋಡಲು ಬರುವುದು ವಾಡಿಕೆ.

“ಏನಿದು, ಪೊಲೀಸು? ಏನಾಯ್ತವ್ವಾ?”

“ಪಿಚ್ಚೈ ಹೋಗ್ಬುಟ್ಟ, ಮಗನೇ. ಯಾರೋ ಹೊಡೆದು ರಾಶಿಯೊಳಗೆ ಹೂತಿದ್ರು.”

ರಾಮರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

“ಪಿಚ್ಚೈನಾ? ಅಯ್ಯೋ, ನನ್ನ ಜೊತೇಲೇ ಬೆಳೆದೋನು! ಚಿತ್ತಿರೈಗೆ ಮುಂಚೆ ದೇವರ ರಾಶಿ ಬಿಚ್ಚಿದ್ದು ಯಾರು? ದೇವರು ಸುಮ್ಮನಿರ್ತಾನಾ?”

ಮಾರಿಮುತ್ತು ಫೌಸ್ತೀನೊನ ಕೋಣೆಯ ಕಡೆ ಗಲ್ಲ ಎತ್ತಿ ತೋರಿಸಿದ.

“ನೀವು ಎಲ್ಲಿಂದ ಬಂದ್ರಿ?” ಎಂದ ಅಳಗಿರಿ.

“ದಿಂಡುಗಲ್ಲಿನಿಂದ. ಬತ್ತಲಗುಂಡು ದಾಟಿ ನಿನ್ನೆ ರಾತ್ರಿ ತೇನಿಯಲ್ಲಿ ತಂಗಿದ್ದೆ. ಕೋಳಿ ಕೂಗೋ ಹೊತ್ತಿಗೆ ಹೊರಟೆ. ಎಲ್ಲೂ ಗಾಡಿ ನಿಲ್ಸಿಲ್ಲ.”

ನಾಗಮ್ಮಾಳ್ ಕೋಲೂರಿಕೊಂಡು ಇಳಿದು ಬಂದಳು. ಮನೆಯಲ್ಲಿ ಸಾವು, ಅಂಗಳದಲ್ಲಿ ಪೊಲೀಸು. ಆದರೂ ಅವಳ ಕಣ್ಣಿಗೆ ಬಿದ್ದದ್ದು ಎತ್ತುಗಳು.

“ಪಾವಂ, ಈ ಉರಿಬಿಸಿಲಲ್ಲಿ ತೇನಿಯಿಂದ ನಡೆದಿದಾವೆ. ಯಾರಾದ್ರೂ ನೀರು ಕೊಡ್ರೋ,” ಎಂದು ತಾನೇ ಬಾನಿ ಸರಿಸಿದಳು.

ಎತ್ತುಗಳು ಬಾನಿಗೆ ಮೂತಿ ತಂದವು. ಮೂಸಿದವು. ಮುಖ ತಿರುಗಿಸಿ ಬಾಲ ಬೀಸುತ್ತ ನಿಂತವು.

ಅಳಗಿರಿ ಸುರುಟ್ಟು ಹೊತ್ತಿಸಿ ಎತ್ತುಗಳನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತ. ಆಮೇಲೆ ಒಬ್ಬ ಕಾನ್‌ಸ್ಟೇಬಲನ ಕಿವಿಯಲ್ಲಿ ಏನೋ ಹೇಳಿ ಕೊಟ್ಟಿಗೆಯೊಳಗೆ ಹೋದ.

* * *

ಜೆಯಲಕ್ಷ್ಮಿ ಗೋಡೆಯ ಬರಹದ ಮುಂದೆ ನಿಂತಿದ್ದಳು.

“ಇದು ಮಂತ್ರವಂತೆ. ನಿಜವಾ?” ಎಂದ ಅಳಗಿರಿ.

ಅವಳಿಗೆ ನಗು ಬಂದು ಹಾಗೇ ನಿಂತಿತು. “ಪಾಠ ಅಯ್ಯಾ. ಅವರ ಭಾಷೇಲಿ ಆಗಿಹೋದದ್ದಕ್ಕೆ ಎರಡು ಕಾಲ. ಒಂದು ಸಲ ಆಗಿ ಮುಗಿದದ್ದಕ್ಕೆ ಒಂದು. ದಿನಾ ಆಗ್ತಾ ಇದ್ದದ್ದಕ್ಕೆ, ವಾಡಿಕೆಯಾಗಿ ನಡೀತಾ ಇದ್ದದ್ದಕ್ಕೆ ಇನ್ನೊಂದು. ಇದು ಆ ಎರಡನೇದು.”

“ಆಬ, ಈಯ ಅಂದ್ರೆ?”

“ಹಾಡು, ನಡೆ, ಮಾತಾಡು... ಅಂಥ ಮಾತು ಅವರಲ್ಲಿ ‘ಆರ್’ ಅಂತ ಮುಗಿಯುತ್ತೆ. ಆ ‘ಆರ್’ ತೆಗೆದು ‘ಆಬ’ ಹಾಕೋದು. ಕಂತಾರ್ ಅಂದ್ರೆ ಹಾಡೋದು. ಕಂತಾಬ, ಹಾಡ್ತಾ ಇದ್ದೆ, ಹಾಡ್ತಾ ಇದ್ದಳು. ‘ಏರ್’, ‘ಈರ್’ ಅಂತ ಮುಗಿಯೋ ಮಾತಿಗೆ ‘ಈಯ’. ವಿವೀರ್, ಬದುಕೋದು. ವಿವೀಯ, ಬದುಕ್ತಾ ಇದ್ದೆ.”

“ಅಷ್ಟು ಸುಲಭವಾ?”

“ಆಮಾ, ಹೌದು. ನಮ್ಮ ಮನೆಮಾತಲ್ಲೂ ಐತಲ್ಲ. ಹಾಡಿದಳು ಬೇರೆ, ಹಾಡ್ತಾ ಇದ್ದಳು ಬೇರೆ. ವಾತ್ತಿಯಾರು ಅವರ ಊರಿನ ಮಾತೆಲ್ಲಾ ಇದರಲ್ಲೇ ಹೇಳ್ತಾರೆ. ನಮ್ಮಮ್ಮ ಹಾಡ್ತಾ ಇದ್ದಳು. ನದಿ ದಂಡೇಲಿ ಬದುಕ್ತಾ ಇದ್ದೋ. ಅಲ್ಲೀಗ ದಂಗೆ. ಊರು ಐತೋ ಇಲ್ವೋ ಗೊತ್ತಿಲ್ಲ. ಈ ಕಾಲದಲ್ಲಿ ಹೇಳಿದರೆ, ಮುಗೀತು ಅಂತ ಹೇಳಬೇಕಾಗಿಲ್ಲ.”

ಅಳಗಿರಿ ಹೊಗೆ ಬಿಟ್ಟ. ಒಳ್ಳೆಯ ಸುರುಟ್ಟು.

“ನಾವು ಪೊಲೀಸರು ಒಂದೇ ಕಾಲ ಕೇಳ್ತೀವಿ. ನಿನ್ನೆ ಏನು ಮಾಡಿದೆ? ಎಲ್ಲಿಗೆ ಹೋದೆ? ಅದಕ್ಕೆ ಎಲ್ಲರ ಹತ್ರ ಉತ್ತರ ಕಟ್ಟಿಟ್ಟಿರುತ್ತೆ. ದಿನಾ ಏನು ಮಾಡ್ತಾ ಇದ್ದೆ ಅಂತ ನಾನು ಯಾರನ್ನೂ ಕೇಳಲೇ ಇಲ್ಲ.” ಜೇಬಿನಿಂದ ಎಲೆ ತೆಗೆದು ಅವಳ ಮುಂದೆ ಹಿಡಿದ. “ಈ ರಾಶೀನ ಯಾರೂ ಮುಟ್ಟಲ್ಲ ಅಂತೀರಿ. ಬುಡದ ಎಲೆ ರೇಷ್ಮೆ ಹಂಗಿದೆ. ಅವನು ಅಷ್ಟು ಹೊತ್ತು ಮಾತಾಡಿ ನಿಮ್ಮ ಅವ್ವನ ಜಗುಲಿ ಕಡೆ ಕೈ ಮುಗಿದ. ನಿನ್ನ ಮಾತಿನಲ್ಲಿ ಅವ್ವನೇ ಇರಲಿಲ್ಲ. ಏನು ನುಂಗಿದೆ, ತಾಯೀ?”

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಅವ್ವನಿಗೆ ಕೊಟ್ಟ ಮಾತು, ಅಯ್ಯಾ.”

“ಅವ್ವನಿಗೆ ಕೊಟ್ಟ ಮಾತಿಗೆ ವಾತ್ತಿಯಾರು ಸಾಯಬೇಕಾ?”

ಹೊರಗೆ ಪೊನ್ನುತಾಯಿ ಅಳುವ ಸದ್ದು ಕೇಳುತ್ತಿತ್ತು. ಜೆಯಲಕ್ಷ್ಮಿ ಕಣ್ಣೊರೆಸಿಕೊಂಡು, ಫೌಸ್ತೀನೊ ಹೇಳಿದ್ದನ್ನು ಹೇಳಿದ ಹಾಗೇ ಹೇಳತೊಡಗಿದಳು.

“ದಿನಾ ಬೆಳಗ್ಗೆ ಅವ್ವನ ಹತ್ರ ಅಪ್ಪಣೆ ಕೇಳ್ತಾ ಇದ್ದೆ. ಅವ್ವ ತಲೆಯಾಡಿಸ್ತಾ ಇದ್ರು. ದೇವರ ರಾಶಿ ಬಿಚ್ತಾ ಇದ್ದೆ. ನಾನೂ ಪಿಚ್ಚೈನೂ ಪೊನ್ನುತಾಯಿನೂ ಮಾರಿಮುತ್ತುನೂ ಸೇರಿ ತಿರುವ್ತಾ ಇದ್ದೋ...” ಅಲ್ಲಿಂದ ಮುಂದೆ ಅವಳದೇ ಮಾತು. “ಹೋದ ವರ್ಷ ದೇವರ ರಾಶಿ ಒಳಗೆಲ್ಲಾ ಕೊಳೆತಿತ್ತು. ಈ ಸಲ ವಾತ್ತಿಯಾರು ಅವ್ವನ ಮುಂದೆ ಕೂತು ಅತ್ತುಬುಟ್ರು. ದೇವರಿಗೆ ಈ ಮನೆಯ ಎಲ್ಲಕ್ಕಿಂತ ಕೆಟ್ಟ ಎಲೆ ಕೊಡ್ತೀರಾ ಅಂತ. ಅವ್ವ ಒಪ್ಪಿಕೊಂಡ್ಳು. ಹೋದ ತಿಂಗಳು ಮಾಸಿ ಅಮಾವಾಸ್ಯೆ ಆದಮೇಲೆ ದಿನಾ ತಿರುವ್ತೀವಿ. ದೇವರ ದನ ನೋಡ್ಕೊಳ್ಳೋ ಕಂಬಂ ದೊಡ್ಡೋರಿಗೆ ತಿಳಿದರೆ ಅವಕ್ಕೆ ಮೇವು ಕೊಡೋ ನಮ್ಮ ಮನೆ ಹಕ್ಕು ಹೋಗುತ್ತೆ. ಅದಕ್ಕೆ, ಕೊಟ್ಟಿಗೆ ಮಾತು ಕೊಟ್ಟಿಗೇಲೇ ಇರಲಿ ಅಂತ ಎಲ್ಲರ ಹತ್ರ ಆಣೆ ತಗೊಂಡ್ಳು.”

“ಮಾರಿಮುತ್ತು ಅದನ್ನೇ ಹಿಡಿದು ವಾತ್ತಿಯಾರನ್ನ ಸಿಕ್ಕಿಸಿದ.”

“ಆಮಾ. ಅವನಿಗೆ ಅವರು ಹೋದ್ರೆ ಸಾಕು.”

“ಚಿಕ್ಕಪ್ಪನಿಗೆ ಈ ಸಂಗತಿ ಗೊತ್ತಾ?”

“ಮಾಸಿಯಿಂದ ಅವರು ಇತ್ತ ಬಂದೇ ಇಲ್ವಲ್ಲ. ಅವ್ವ ಇನ್ನೂ ಹೇಳಿಲ್ಲ...”

ಅವಳು ಅಲ್ಲಿಗೇ ನಿಂತಳು. ಕಣ್ಣುಗಳು ದೊಡ್ಡವಾದವು. ಅಳಗಿರಿ ಅವಳ ಮುಖ ನೋಡಲಾರದೆ ಸುರುಟ್ಟಿನ ಬೂದಿ ಕೊಡವಿದ.

* * *

ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದ. ಫೌಸ್ತೀನೊನನ್ನೂ ಹೊರಗೆ ಕರೆಸಿ ನೆರಳಿನಲ್ಲಿ ಕೂರಿಸಿದ.

“ರಾಮರ್, ನೀವೂ ಪಿಚ್ಚೈನೂ ಒಟ್ಟಿಗೆ ಬೆಳೆದೋರು. ಚಿಕ್ಕೋರಾಗಿದ್ದಾಗ ದೇವರ ರಾಶಿಗೆ ಏನು ಮಾಡ್ತಾ ಇದ್ರಿ?”

ಇಂಥ ಪ್ರಶ್ನೆಯನ್ನು ರಾಮರ್ ನಿರೀಕ್ಷಿಸಿರಲಿಲ್ಲ. ಅವನ ಮುಖ ಸಡಿಲಾಯಿತು.

“ಅಪ್ಪ ಬೇವಿನ ಕೊನೆ ಚುಚ್ತಾ ಇದ್ರು. ಅಲ್ಲಿಗೆ ಮುಗೀತು. ಚಿತ್ತಿರೈವರೆಗೆ ಯಾರೂ ಹತ್ರ ಹೋಗ್ತಿರಲಿಲ್ಲ. ನಾನೂ ಪಿಚ್ಚೈನೂ ಕಣ್ಣಾಮುಚ್ಚಾಲೆ ಆಡೋವಾಗ ಅದರ ಹಿಂದೆ ಅವಿತ್ಕೋತಾ ಇದ್ದೋ. ಅಲ್ಲಿಗೆ ಯಾರೂ ಹುಡುಕೋಕೆ ಬರ್ತಿರಲಿಲ್ಲ.”

“ಈಗ?”

“ಈಗಲೂ ಅಂಗೇ. ದೇವರ ರಾಶೀನ ನಾವು ಮುಟ್ಟೋದಿಲ್ಲ.”

ಅಂಗಳದಲ್ಲಿ ಯಾರೂ ತಲೆ ಎತ್ತಲಿಲ್ಲ. ಮಾರಿಮುತ್ತು ನೆಲ ಕೆರೆಯುತ್ತಿದ್ದ. ಪೊನ್ನುತಾಯಿ ಎಲೆ ತಿರುವಿ ಕಂದಾದ ತನ್ನ ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು. ರಾಮರ್ ಒಬ್ಬೊಬ್ಬರ ಮುಖ ನೋಡಿದ.

“ಈ ಮಾತು ಬೆಳಗ್ಗೆಯಿಂದ ಎಲ್ಲರೂ ಹೇಳಿದರು,” ಎಂದ ಅಳಗಿರಿ. “ಎಲ್ಲರೂ ಹೇಳಿದ್ದು ಪೊಯ್ಯಿ, ಬರೀ ಸುಳ್ಳು. ನಿಜ ಅಂತ ನಂಬಿ ಹೇಳಿದವನು ನೀನೊಬ್ಬನೇ.”

“ಏನು ಹೇಳ್ತಿದ್ದೀರಿ?”

ಉತ್ತರ ಕೊಟ್ಟದ್ದು ಇನ್ಸ್‌ಪೆಕ್ಟರ್ ಅಲ್ಲ. ಜಗುಲಿಯ ಮೇಲೆ ನಾಗಮ್ಮಾಳ್ ಎದ್ದು ನಿಂತಿದ್ದಳು.

“ಅದನ್ನ ದಿನಾ ತಿರುವ್ತೀವಿ, ರಾಮರ್. ನಾನೇ ಬಿಚ್ಚೋಕೆ ಹೇಳ್ದೆ. ನಿನಗೆ ಹೇಳಿರಲಿಲ್ಲ ಮಗನೇ.”

ರಾಮರ್‌ನ ಕಣ್ಣು ಕೊಟ್ಟಿಗೆಯ ಬಾಗಿಲ ಕಡೆ ಹೋಯಿತು.

“ಬೆಳಗ್ಗೆ ನಾನೂ ತಪ್ಪು ಯೋಚಿಸ್ದೆ,” ಎಂದ ಅಳಗಿರಿ. “ದೇವರ ರಾಶಿಗೆ ಹೆಣ ಹಾಕೋ ಧೈರ್ಯ ನಿಮ್ಮ ಜನಕ್ಕಿಲ್ಲ, ಆದ್ದರಿಂದ ಹೊರಗಿನವನು ಅಂದುಕೊಂಡೆ. ತಿರುಗಾ ಮುರುಗಾ. ವಾತ್ತಿಯಾರು ದಿನಾ ಬೆಳಗ್ಗೆ ತಾವೇ ಆ ರಾಶಿಗೆ ಕೈ ಹಾಕ್ತಾ ಇದ್ರು. ತಾನೇ ಬೆಳಗ್ಗೆ ಬಿಚ್ಚೋ ಕಡೆ ಸಾಯಂಕಾಲ ಯಾರು ಹೆಣ ಬಚ್ಚಿಡ್ತಾರೆ? ಮಾರಿಮುತ್ತು ದ್ವೇಷದವನು. ಅವನೂ ದಿನಾ ತಿರುವ್ತಾ ಇದ್ದ. ಬಚ್ಚಿಟ್ಟವನಿಗೆ ಹಳೇ ವಾಡಿಕೆ ಗೊತ್ತು, ಹೊಸದು ಗೊತ್ತಿಲ್ಲ. ಊರವರಿಗೂ ಹೊಸದು ಗೊತ್ತಿಲ್ಲ, ಸರಿ. ಆದರೆ ನಿನ್ನೆ ಊರವರೆಲ್ಲಾ ರಸ್ತೇಲಿ ಒಬ್ಬರ ಮುಖ ಒಬ್ಬರು ನೋಡ್ತಾ ನಿಂತಿದ್ದರು.”

“ನಾ ತೇನಿಯಲ್ಲಿ ಇದ್ದೆ!”

“ತೇನಿಯಿಂದ ಈ ಬಿಸಿಲಲ್ಲಿ ನಿಲ್ಲದೆ ಬಂದ ಎತ್ತು ಬಾನಿ ಖಾಲಿ ಮಾಡುತ್ತೆ. ನಿನ್ನ ಎತ್ತು ನಿಮ್ಮವ್ವ ಕೊಟ್ಟ ನೀರನ್ನ ಮೂಸಿ ಮುಖ ತಿರುಗಿಸ್ತು. ಇಲ್ಲೇ ಹತ್ತಿರ ಎಲ್ಲೋ ನೆರಳಲ್ಲಿ ಮಲಗಿ ಎದ್ದ ಎತ್ತು. ಇನ್ನೊಂದು. ಅವ್ವ ‘ರಾಶಿಯೊಳಗೆ’ ಅಂದ್ರು. ಒಳಗೆ ನಾಲ್ಕು ರಾಶಿ. ದೇವರ ರಾಶಿ ಅಂದವನು ನೀನು.”

ಅಷ್ಟರಲ್ಲಿ ಕಾನ್‌ಸ್ಟೇಬಲ್ ಗಾಡಿಯ ಹುಲ್ಲಿನಡಿಯಿಂದ ಒಂದು ಗೋಣಿ ಎಳೆದು ತಂದ. ಅದರ ಮೂಲೆ ಹರಿದಿತ್ತು. ಅಳಗಿರಿ ಪಿಚ್ಚೈಯ ಮುಷ್ಟಿಯಲ್ಲಿದ್ದ ಚೂರನ್ನು ಅಲ್ಲಿಟ್ಟ. ಕೂಡಿತು. ಅಂಗಳದ ತುಂಬ ಹಸಿರು ವಾಸನೆ ಹರಡಿತು.

“ಯಾರೂ ಮುಟ್ಟದ ರಾಶಿ. ಪ್ರತಿ ವರ್ಷ ಪಂಗುಣಿಯಲ್ಲಿ ಬೆಟ್ಟದ ಗಾಂಜಾ ಅದರೊಳಗೆ ಬಚ್ಚಿಡ್ತಾ ಇದ್ದೆ. ಚಿತ್ತಿರೈಯಲ್ಲಿ ದೇವರ ಸೊಪ್ಪು ನೀನೇ ಗಾಡಿಗೆ ಹೇರ್ತಾ ಇದ್ದೆ. ಅದರ ನಡುವೆ ಇದೂ ಹೋಗ್ತಾ ಇತ್ತು. ಸರ್ಕಾರ ಈಗ ಗಾಂಜಾಕ್ಕೆ ಕಟ್ಟುನಿಟ್ಟು ತಂದಿದೆ. ನಿನ್ನೆ ಪಿಚ್ಚೈ ನೋಡಿಬಿಟ್ಟ.”

ರಾಮರ್ ಏನನ್ನೋ ಹೇಳಹೊರಟ. ಆದರೆ ಪೊನ್ನುತಾಯಿ ಎದ್ದು ಬಂದು ಅವನೆದುರು ನಿಂತಳು. ಬೈಯಲಿಲ್ಲ.

“ಅವನ ತಲೆ ಕೆಳಗೆ ರುಮಾಲು ಮಡಿಸಿ ಇಟ್ಟದ್ದು ನೀವಾ, ಚಿಕ್ಕ ಧಣೀ?”

ಅಷ್ಟು ಮೆಲ್ಲಗಿನ ಮಾತಿಗೆ ಅವನು ಸಿದ್ಧನಿರಲಿಲ್ಲ. ಗಾಡಿಯ ಚಕ್ರಕ್ಕೆ ಒರಗಿ ಕುಳಿತ.

“ಅವ ಗೋಣಿ ಬಿಡಲಿಲ್ಲ, ತಾಯೀ. ದೇವರ ಸೊಪ್ಪಲ್ಲಿ ಇದನ್ನ ಇಡಬೇಡ ಅಂತ ಬೇಡ್ಕೊಂಡ. ತಳ್ಳಿಬುಟ್ಟೆ. ಕಂಬದ ಕಲ್ಲಿಗೆ ಬಿದ್ದ... ಏಳಲಿಲ್ಲ. ರಸ್ತೆ ತುಂಬ ಜನ. ಎಲ್ಲಿಗೆ ಒಯ್ಯಲಿ? ಚಿತ್ತಿರೈಗೆ ಮುಂಚೆ ಬಂದು ನಾನೇ ಮಣ್ಣು ಮಾಡ್ತೀನಿ ಅಂತಿದ್ದೆ. ಬರೀ ಸೊಪ್ಪಿನ ಮೇಲೆ ತಲೆ ಇಡೋಕೆ ಮನಸ್ಸು ಬರಲಿಲ್ಲ.”

“ಇವತ್ತು ಯಾಕೆ ಬಂದೆ?” ಎಂದ ಅಳಗಿರಿ.

“ಪಿಚ್ಚೈ ಕಾಣಿಸ್ತಿಲ್ಲ ಅಂತ ಇವರು ಹುಡುಕ್ತಾ ಇರ್ತಾರೆ, ಎಲ್ಲಾದ್ರೂ ಊರಿಗೆ ಹೋಗಿರ್ತಾನೆ ಅಂತ ನಾ ಹೇಳ್ತೀನಿ ಅಂದ್ಕೊಂಡು...”

ಅಂಗಳದಲ್ಲಿ ಪೊಲೀಸರನ್ನು ಕಾಣುತ್ತೇನೆಂದು ಅವನು ಎಣಿಸಿರಲಿಲ್ಲ.

* * *

ಬೇಡಿ ಫೌಸ್ತೀನೊನ ಕೈಯಿಂದ ರಾಮರ್‌ನ ಕೈಗೆ ಹೋಯಿತು. ಫೌಸ್ತೀನೊ ಮಣಿಕಟ್ಟು ಉಜ್ಜಿಕೊಳ್ಳುತ್ತ ನೇರವಾಗಿ ಪೊನ್ನುತಾಯಿಯ ಹತ್ತಿರ ಹೋಗಿ ನೆಲದ ಮೇಲೆ ಕುಳಿತ. ಇಬ್ಬರಿಗೂ ಕೂಡಿ ಬರುವ ಭಾಷೆ ಇರಲಿಲ್ಲ.

ಮಾರಿಮುತ್ತು ಕಂಬದ ಮರೆಗೆ ಸರಿಯುತ್ತಿದ್ದ. “ಸುಳ್ಳು ಸಾಕ್ಷಿಗೂ ಜೈಲು ಐತೆ, ಮೇಸ್ತ್ರಿ. ನಾಳೆ ಸ್ಟೇಷನ್ನಿಗೆ ಬಾ,” ಎಂದ ಅಳಗಿರಿ. “ಮಂತ್ರ ಬಾಯಿಪಾಠ ಇದೆಯಲ್ಲ, ದಾರಿಯುದ್ದಕ್ಕೂ ಹೇಳಿಕೊಂಡು ಬಾ.”

ರಾಮರ್‌ನನ್ನು ಅವನದೇ ಗಾಡಿಗೆ ಹತ್ತಿಸಿದರು. ನಾಗಮ್ಮಾಳ್ ಒಂದು ಚೊಂಬು ಮಜ್ಜಿಗೆ ತಂದು ಮಗನ ಬಾಯಿಗೆ ತಾನೇ ಹಿಡಿದಳು. ಬೇಡಿಯ ಕೈ ಎತ್ತಲು ಆಗುತ್ತಿರಲಿಲ್ಲ. ಅವನು ಕುಡಿದ. ಅವಳು ಸೆರಗಿನಿಂದ ಅವನ ಗಲ್ಲ ಒರೆಸಿದಳು.

“ಕಂಬಂ ದೊಡ್ಡೋರಿಗೆ...” ಎಂದು ಶುರು ಮಾಡಿದ ಅಳಗಿರಿ.

“ನಾನೇ ಹೋಗಿ ಹೇಳ್ತೀನಪ್ಪಾ. ದೇವರಿಗೆ ಒಳ್ಳೇ ಎಲೆ ಕೊಡೋಕೆ ಹೆದರಲಿಲ್ಲ. ಮನುಷ್ಯರಿಗೆ ಹೆದರಿದೆ. ಮುಂಚೆನೇ ಹೇಳಿದ್ರೆ ಇವನು ಆ ರಾಶಿ ಹತ್ರ ಹೋಗ್ತಿರಲಿಲ್ಲ. ಪಿಚ್ಚೈ ಇರ್ತಿದ್ದ.”

ಗಾಡಿ ಉತ್ತಮಪಾಳ್ಯದ ತಿರುವು ದಾಟುವವರೆಗೂ ಅವಳು ಅಂಗಳದಲ್ಲೇ ನಿಂತಿದ್ದಳು. ಆಮೇಲೆ ಕೊಟ್ಟಿಗೆಗೆ ಬಂದಳು. ಜೆಯಲಕ್ಷ್ಮಿ ಗೋಡೆಯ ಬರಹವನ್ನು ಒದ್ದೆ ಬಟ್ಟೆಯಿಂದ ಒರೆಸಲು ಕೈ ಎತ್ತಿದ್ದಳು.

“ಒರೆಸಬೇಡ,” ಎಂದಳು ಮುದುಕಿ. “ಆ ಕಾಲದಲ್ಲಿ ಹೇಳಿದ್ರೆ ಮುಗೀತು ಅಂತ ಆಗಲ್ಲ ಅಂತೀಯಲ್ಲ?”

“ಮುಗೀತೋ ಇಲ್ವೋ ಅಂತ ಅದು ಹೇಳೋದಿಲ್ಲ, ಅವ್ವಾ.”

“ಅಂಗಾದ್ರೆ ಅದರಲ್ಲಿ ಒಂದು ಮಾತು ಹೇಳು. ನಿನ್ನ ಚಿಕ್ಕಪ್ಪ ನಿನ್ನ ಕೈ ಹಿಡ್ಕೊಂಡು ದಿನಾ ಇಸ್ಕೂಲಿಗೆ ಕರ್ಕೊಂಡು ಹೋಗ್ತಾ ಇದ್ದ.”

ಜೆಯಲಕ್ಷ್ಮಿ ಬಟ್ಟೆ ಕೆಳಗಿಟ್ಟಳು.

“ಮೆ ಯೆವಾಬ,” ಎಂದಳು. “ಮೆ ಯೆವಾಬ ಅ ಲ ಎಸ್ಕುಯೇಲ.”

ನಾಗಮ್ಮಾಳ್ ಹಲ್ಲಿಲ್ಲದ ಬಾಯಲ್ಲಿ ಆ ಮಾತನ್ನು ಒಂದು ಸಲ ತಾನೂ ಅಂದು ನೋಡಿದಳು.